ಜಾತ್ರೆಯ ಜನ, ಕ್ರೀಡಾಂಗಣದ ಜನ: ಜಾಹೀರಾತು ಕ್ಷೇತ್ರದ ನೇಮಕಾತಿಗೊಂದು ಪಾಠ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ ನೆರೆಯುವ ದನಗಳ ಜಾತ್ರೆ ನಾಡಿನ ಹೆಸರಾಂತ ರಾಸು ಮಾರುಕಟ್ಟೆಗಳಲ್ಲೊಂದು. ಹಳ್ಳಿಕಾರ್ ಜೋಡೆತ್ತುಗಳಿಗೆ ಪೆಂಡಾಲು ಹಾಕಿಸಿ, ಸಿಂಗರಿಸಿ, ವಾದ್ಯದೊಡನೆ ಮೆರವಣಿಗೆಯಲ್ಲಿ ಕರೆತರುವ ರೈತರಿದ್ದಾರೆ. ಅವುಗಳನ್ನು ಕೊಳ್ಳಲು ಬಂದವರಷ್ಟೇ ಅಲ್ಲ, ಕಣ್ತುಂಬ ನೋಡಲು ಬಂದವರೂ ಅಲ್ಲಿ ಸೇರುತ್ತಾರೆ. ತಮ್ಮೂರ ಜೋಡಿಯನ್ನು ಹೊಗಳುತ್ತ, ಪಕ್ಕದೂರ ಜೋಡಿಯಲ್ಲಿ ಸುಳಿದೋಷ ಹುಡುಕುವ ಈ ಜನರಿಗೆ ಇಂದಿನ ಮಾರುಕಟ್ಟೆಯ ಪರಿಭಾಷೆಯಲ್ಲಿ ಅಭಿಮಾನಿಗಳೆಂದೇ ಹೆಸರು.

ಈ ಜನ ಯಾವ ವ್ಯಾಪಾರಿಯ ಸಲುವಾಗಿಯೂ ಬಂದವರಲ್ಲ. ಅವರು ದೇವರಿಗಾಗಿ, ರಾಸುಗಳಿಗಾಗಿ ಬಂದವರು. ಅವರಿಗೆ ನೆರಳು, ನೀರು, ಮೇವು ಒದಗಿಸಿದ ವ್ಯಾಪಾರಿ ಮರುವರ್ಷವೂ ನೆನಪಿನಲ್ಲಿರುತ್ತಾನೆ. ಕ್ರೀಡಾಭಿಮಾನಿಗಳನ್ನು ತಲುಪಬಯಸುವ ಬ್ರ್ಯಾಂಡುಗಳೂ, ಆ ಕೆಲಸಕ್ಕೆ ಸಿಬ್ಬಂದಿಯನ್ನು ಆರಿಸುವ ಜಾಹೀರಾತು ಸಂಸ್ಥೆಗಳೂ ಗಮನಿಸಬೇಕಾದ ಮೂಲ ಅಂಶ ಇದೇ.

ತಂಡದ ಹೆಸರೇ ಜಾಹೀರಾತು

2008ರಲ್ಲಿ ಐಪಿಎಲ್ ಆರಂಭವಾದಾಗ ಯುಬಿ ಸಮೂಹವು ಬೆಂಗಳೂರು ತಂಡದ ಹಕ್ಕನ್ನು 11.16 ಕೋಟಿ ಡಾಲರ್‌ಗೆ ಪಡೆಯಿತು. ಟಿವಿ ವಾಹಿನಿಗಳಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿರುವ ದೇಶದಲ್ಲಿ, ತನ್ನ ವಿಸ್ಕಿಯ ಹೆಸರನ್ನೇ ಅದು ತಂಡಕ್ಕೆ ಇಟ್ಟಿತು. ಆದರೆ ಹೆಸರಿಗೆ ಜೀವ ತುಂಬಿದವರು ಅಭಿಮಾನಿಗಳು. ಪುರುಷರ ತಂಡಕ್ಕೆ 17 ಆವೃತ್ತಿಗಳಲ್ಲಿ ಪ್ರಶಸ್ತಿ ದೊರೆಯದಿದ್ದರೂ ‘ಈ ಸಲ ಕಪ್ ನಮ್ದೇ’ ಎಂಬ ಮಾತು ಅವರ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. 2024ರ ಮಾರ್ಚ್‌ನಲ್ಲಿ ತಂಡದ ಹೆಸರಿನ ‘ಬ್ಯಾಂಗಲೂರ್’ ಹೋಗಿ ‘ಬೆಂಗಳೂರು’ ಬಂದಿತು. ಮಾಲೀಕನ ಹಣದಿಂದ ಹೆಸರು ದೊರೆಯಬಹುದು. ನಿಷ್ಠೆ ದೊರೆಯುವುದು ಜನರ ನುಡಿಯಿಂದ.

2024ರ ಟಿ-20 ವಿಶ್ವಕಪ್‌ನಲ್ಲಿ ಕರ್ನಾಟಕ ಹಾಲು ಮಹಾಮಂಡಳವು ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿದಾಗಲೂ ಇದೇ ಸಾಬೀತಾಯಿತು. ಸ್ಕಾಟ್ಲೆಂಡ್ ಆಟಗಾರರ ಪೋಷಾಕಿನ ಮೇಲೆ ಕನ್ನಡ ಅಕ್ಷರಗಳಲ್ಲಿ ‘ನಂದಿನಿ’ ಕಾಣಿಸಿಕೊಂಡಿತು. ದೂರದ ದೇಶದ ತಂಡವೊಂದರ ಪಂದ್ಯವನ್ನು ಕನ್ನಡಿಗರು ಕುತೂಹಲದಿಂದ ನೋಡಲು ಆ ಅಕ್ಷರಗಳೇ ಕಾರಣವಾದವು.

ಅರ್ಹತೆ ಎಲ್ಲಿದೆ?

ಜಾಹೀರಾತು ಸಂಸ್ಥೆಗಳು ಬರಹಗಾರರನ್ನು, ಮಾಧ್ಯಮ ಯೋಜಕರನ್ನು, ಕಾರ್ಯಕ್ರಮ ನಿರ್ವಾಹಕರನ್ನು ಆರಿಸುವಾಗ ಪದವಿಗೂ ಇಂಗ್ಲಿಷ್ ಮಾತುಗಾರಿಕೆಗೂ ಬೆಲೆ ಕೊಡುವುದು ಸಹಜ. ಆದರೆ ಅಭಿಮಾನಿಗಳ ನಡುವೆ ಕೆಲಸ ಮಾಡುವವರಿಗೆ ಇಷ್ಟೇ ಸಾಲದು. ಗ್ರಾಮಾಂತರದ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುವ ಯುವಕನ ಕೆಲಸವನ್ನು ಗಮನಿಸಬೇಕು. ಗೊಬ್ಬರದ ಅಂಗಡಿಯಿಂದ ಮೊದಲ ಬಹುಮಾನಕ್ಕೆ ಹಣ ತರುವವನು, ಬ್ಯಾನರಿನಲ್ಲಿ ಯಾರ ಹೆಸರು ಎಷ್ಟು ದೊಡ್ಡದಿರಬೇಕೆಂದು ತೀರ್ಮಾನಿಸುವವನು, ಮೈಕಿನಲ್ಲಿ ಮಾತನಾಡುವವರನ್ನು ಗೊತ್ತುಮಾಡುವವನು, ಸೋತ ಊರಿನವರು ಸಿಟ್ಟಾಗದಂತೆ ಸಮಾಧಾನಪಡಿಸುವವನು ಅವನೇ. ಪ್ರಾಯೋಜಕತ್ವ, ಪ್ರಚಾರ, ನಿರ್ವಹಣೆ ಮೂರನ್ನೂ ಆತ ಕಲಿತಿರುತ್ತಾನೆ. ಅರ್ಜಿಯ ನಮೂನೆಯಲ್ಲಿ ಇದನ್ನು ಬರೆಯಲು ಕಾಲಂ ಇಲ್ಲದಿದ್ದರೆ ಅವಕಾಶ ತಪ್ಪುವುದು ಅವನಿಗೆ ಮಾತ್ರವಲ್ಲ, ಸಂಸ್ಥೆಗೂ ನಷ್ಟ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಈ ಗ್ರಾಮೀಣ ಆಟಕ್ಕೆ ಟಿವಿ ಮಾರುಕಟ್ಟೆಯನ್ನು ತೆರೆದಿದೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಅದರ ಪ್ರಶಸ್ತಿಯನ್ನೂ ಗೆದ್ದಿದೆ.

ಕರೆಯುವವನ ಹೊಣೆ

2025ರ ಜೂನ್ 3ರಂದು ಆರ್‌ಸಿಬಿ ತನ್ನ ಮೊದಲ ಐಪಿಎಲ್ ಪ್ರಶಸ್ತಿ ಗೆದ್ದಿತು. ಮರುದಿನ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನಸಾಗರದಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಸಾಮಾಜಿಕ ಜಾಲತಾಣದ ಒಂದು ಸಂದೇಶ ಕೆಲವೇ ಗಂಟೆಗಳಲ್ಲಿ ಲಕ್ಷಾಂತರ ಜನರನ್ನು ಒಂದೆಡೆ ಸೇರಿಸಬಲ್ಲ ಕಾಲವಿದು. ಜಾತ್ರೆಯ ದಿನ ಪಂಚಾಂಗದಲ್ಲಿ ಮೊದಲೇ ಗೊತ್ತಿರುತ್ತದೆ. ದಾರಿ, ನೀರು, ಬಂದೋಬಸ್ತಿನ ಸಿದ್ಧತೆಗೆ ಕಾಲಾವಕಾಶವಿರುತ್ತದೆ. ದಿಢೀರ್ ಆಹ್ವಾನಕ್ಕೆ ಆ ಅವಕಾಶವಿಲ್ಲ. ಆದ್ದರಿಂದ ಅಭಿಮಾನಿ ಸಂಪರ್ಕದ ಹುದ್ದೆ ಕೇವಲ ಘೋಷವಾಕ್ಯ ಬರೆಯುವ ಹುದ್ದೆಯಲ್ಲ. ಎಷ್ಟು ಜನ ಬಂದಾರು, ಯಾವ ಬಾಗಿಲಿನಿಂದ ಒಳಹೋದಾರು, ಪೊಲೀಸರ ಒಪ್ಪಿಗೆ ದೊರೆತಿದೆಯೇ ಎಂದು ಕೇಳಿ, ಉತ್ತರ ಸಿಗದಿದ್ದರೆ ಪ್ರಕಟಣೆಯನ್ನು ತಡೆಹಿಡಿಯುವ ಧೈರ್ಯವೂ ಆ ಹುದ್ದೆಯ ಅರ್ಹತೆಯಾಗಬೇಕು.

ಉದ್ಯಮಿಗಳು ಕೈಗೊಳ್ಳಬಹುದಾದ ಕ್ರಮಗಳು ಸರಳವಾಗಿವೆ. ಅಭ್ಯರ್ಥಿಯನ್ನು ಒಂದು ದಿನ ಪಂದ್ಯಕ್ಕೋ ಜಾತ್ರೆಗೋ ಕಳುಹಿಸಿ, ಅಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯಿಸಬೇಕು. ಪಂದ್ಯಾವಳಿ ನಡೆಸಿದ ಅನುಭವವನ್ನು ಅರ್ಹತೆಯೆಂದು ಪರಿಗಣಿಸಬೇಕು. ಜನಸುರಕ್ಷತೆಯ ತರಬೇತಿಯನ್ನು ಕಡ್ಡಾಯಗೊಳಿಸಬೇಕು. ಘಾಟಿಯ ಜಾತ್ರೆಯಲ್ಲಿ ರಾಸುವಿನ ಹಲ್ಲು, ಸುಳಿ, ನಡೆ ಮೂರನ್ನೂ ನೋಡದೆ ರೈತ ಹಣ ಬಿಚ್ಚುವುದಿಲ್ಲ. ತಮ್ಮ ಹೆಸರನ್ನು ಜನರ ನಡುವೆ ಹೊತ್ತು ನಡೆಯುವವರನ್ನು ಆರಿಸುವಾಗ ಉದ್ಯಮಿಗಳಿಗೂ ಅಷ್ಟೇ ಎಚ್ಚರ ಅಗತ್ಯ.