ಪುಷ್ಯದ ಹಿತ್ತಲು: ಯಾವ ಗಿಡಕ್ಕೆ ಎಷ್ಟು ನೀರು?

ಶಿಕಾರಿಪುರ, ಸೊರಬದ ಚಳಿ ಗಿಡ ಕೊಲ್ಲುವಂಥದ್ದಲ್ಲ. ಇಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನ ಅತಿ ಗಿಡ್ಡ ಹಗಲೂ 11 ಗಂಟೆಗೆ ಮೇಲಿರುತ್ತದೆ. ಆದರೆ ಮಳೆ ನಿಂತು ವಾರಗಳೇ ಕಳೆದಿರುತ್ತವೆ. ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಚುರುಕು ಬಿಸಿಲು. ಇಬ್ಬನಿ ಎಲೆ ತೋಯಿಸುತ್ತದೆಯೇ ಹೊರತು ಬೇರಿಗೆ ಇಳಿಯುವುದಿಲ್ಲ. ಹಾಗಾಗಿ ಈ ಕಾಲದ ಆರೈಕೆ ಹೆಚ್ಚಾಗಿ ನೀರಿನ ಲೆಕ್ಕ.

ನೀರು ಬೇಡುವವು

ಬಸಳೆ, ಸೊಪ್ಪಿನ ಮಡಿ, ಹೂಬಿಟ್ಟ ಸೇವಂತಿಗೆ, ಎಳೆ ಅಡಿಕೆ ಸಸಿಗೆ ನೀರು ತಪ್ಪಬಾರದು. ಬೆಳಗ್ಗೆ ಬುಡಕ್ಕೇ ಹಾಕಿ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಒದ್ದೆಯಿದ್ದು ರೋಗ ಹತ್ತುತ್ತದೆ. ಬುಡಕ್ಕೆ ದರಗು ಮುಚ್ಚಿದರೆ ತೇವ ಉಳಿಯುತ್ತದೆ; ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಈಗ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಇಳಿಹೊತ್ತಿನ ಬಿಸಿಲು ಎಳೆ ಅಡಿಕೆಯ ಕಾಂಡವನ್ನು ನೈಋತ್ಯದ ಕಡೆಯಿಂದ ಸುಡುತ್ತದೆ. ಆ ಬದಿಗೆ ಸೋಗೆ ಕಟ್ಟುವುದೇ ಸುಲಭ ಉಪಾಯ.

ಒಣಗಲು ಬಿಡಬೇಕಾದವು

ಮಾವಿಗೆ ಹೂಬಿಡುವ ಮುನ್ನ ನೀರು ಹಾಯಿಸಿದರೆ ಹೂವಿನ ಬದಲು ಚಿಗುರು ಬರುತ್ತದೆ. ಕಾಯಿ ಬಟಾಣಿಯಷ್ಟು ಆಗುವವರೆಗೆ ತಡೆಯಿರಿ. ಮಲ್ಲಿಗೆಗೂ ಕೆಲ ದಿನ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ. ಹೊಸ ಹರೆಯಲ್ಲಿ ಬೇಸಿಗೆಯ ಮೊಗ್ಗು ಕೂರುತ್ತದೆ. ಮಳೆಗಾಲದಲ್ಲಿ ಅಂಗಳ ತುಂಬಿದ್ದ ಡೇರೆ ಈಗ ಒಣಗಿರುತ್ತದೆ. ಗೆಡ್ಡೆ ಅಗೆದು, ನೆರಳಲ್ಲಿ ಆರಿಸಿ, ಒಣಮರಳಿನಲ್ಲಿಡಿ. ಗೆಡ್ಡೆ ಬಿಡಿಸುವಾಗ ಒಂದೊಂದಕ್ಕೂ ಹಳೆ ಕಾಂಡದ ಬುಡದ ಚೂರು ಅಂಟಿರಲಿ. ಕಣ್ಣಿರುವುದು ಅಲ್ಲೇ, ಅದಿಲ್ಲದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯದು.

ಮನೆಯೊಳಗಿನ ಕುಂಡ

ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಈಗ ನಿಧಾನ ಬೆಳೆಯುತ್ತವೆ, ಕಡಿಮೆ ಕುಡಿಯುತ್ತವೆ. ದಿನಾ ನೀರು ಸುರಿದರೆ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಮನಿ ಪ್ಲಾಂಟಿನ ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಮಾತ್ರ ಹಾಕಿ. ಸ್ನೇಕ್ ಪ್ಲಾಂಟಿನ ಕುಂಡ ಪೂರ್ತಿ ಒಣಗಲಿ. ಡಿಸೆಂಬರಿನ ನಡುಹಗಲಲ್ಲಿ ನಮ್ಮಲ್ಲಿ ಸೂರ್ಯನ ಎತ್ತರ ಸುಮಾರು 52 ಡಿಗ್ರಿ. ಜೂನ್‌ನಲ್ಲಿ ನೆತ್ತಿಯ ಮೇಲಿದ್ದ ಬಿಸಿಲು ಈಗ ತೆಂಕಣದ ಕಿಟಕಿಯಿಂದ ಒಳಬರುತ್ತದೆ. ಕುಂಡವನ್ನು ಅದರ ಹತ್ತಿರ ಸರಿಸಿ, ಎಲೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಬಿಳಿ ಕಂಡರೆ

ಎಲೆ, ಹೂಗೊಂಚಲ ಮೇಲೆ ಬೂದಿ ಎರಚಿದಂತೆ ಕಂಡರೆ ಅದು ಬೂದಿರೋಗ. ತಂಪು ರಾತ್ರಿ, ಒಣ ಹಗಲು ಈ ಶಿಲೀಂಧ್ರಕ್ಕೆ ಹಿತ. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಬೆಳಗ್ಗೆ ಸಿಂಪಡಿಸಿ; ಸುಡುಬಿಸಿಲಲ್ಲಿ ಬೇಡ. ದಾಸವಾಳದ ಕುಡಿಗೆ ಹತ್ತಿಯಂತೆ ಅಂಟಿರುವುದು ಹಿಟ್ಟು ತಿಗಣೆ. ಮುದುಡಿದ ಕುಡಿ ಚಿವುಟಿ ಸುಟ್ಟು, ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಂದಿಗೆ ಕದಡಿ ಹೊಡೆಯಿರಿ. ಗಂಧಕ, ಬೇವಿನೆಣ್ಣೆ ಒಟ್ಟಿಗೆ ಬಳಸಿದರೆ ಎಲೆ ಸುಡುತ್ತದೆ. ನಡುವೆ ಎರಡು ವಾರ ಅಂತರವಿರಲಿ.

ಒಳಗಿನ ಕುಂಡಗಳಿಗೆ ಗೊಬ್ಬರದ ಅವಸರ ಬೇಡ. ಶಿವರಾತ್ರಿ ಕಳೆದು ಹೊಸ ಚಿಗುರು ಕಂಡ ಮೇಲೆ ಕೊಟ್ಟರೆ ಸಾಕು.