ಸೋಲಿಗೆ ಖಾಲಿಯಾಗದ ಗ್ಯಾಲರಿ: ಕೊರಿಯನ್ನರ ಬೇಸ್‌ಬಾಲ್

ದಕ್ಷಿಣ ಕೊರಿಯಾದ ಜನಸಂಖ್ಯೆ ಸುಮಾರು ಐದು ಕೋಟಿ, ಅಂದರೆ ಕರ್ನಾಟಕಕ್ಕಿಂತ ಕಡಿಮೆ. ಆ ದೇಶದ ವೃತ್ತಿಪರ ಬೇಸ್‌ಬಾಲ್ ಲೀಗ್‌ನ ಪಂದ್ಯಗಳಿಗೆ 2024ರಲ್ಲಿ ಮಾರಾಟವಾದ ಟಿಕೆಟ್‌ಗಳ ಲೆಕ್ಕ ಮೊದಲ ಬಾರಿಗೆ ಒಂದು ಕೋಟಿ ದಾಟಿತು. ಮರುವರ್ಷ ಅದು 1.2 ಕೋಟಿಯನ್ನೂ ಮೀರಿತು. ರಾಷ್ಟ್ರೀಯ ತಂಡ ಏನಾದರೂ ವಿಶ್ವವಿಜೇತವಾಗಿತ್ತೇ ಎಂದು ನೋಡಿದರೆ ಹಾಗೇನೂ ಇಲ್ಲ. 2023ರ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಕೊರಿಯಾ ತಂಡ ಆಸ್ಟ್ರೇಲಿಯಾಕ್ಕೆ 7–8ರಿಂದ, ಜಪಾನ್‌ಗೆ 4–13ರಿಂದ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಮರಳಿತ್ತು. 2013 ಮತ್ತು 2017ರ ಟೂರ್ನಿಗಳಲ್ಲೂ ಇದೇ ಕಥೆ. 2024ರ ನವೆಂಬರ್‌ನಲ್ಲಿ ನಡೆದ ಪ್ರೀಮಿಯರ್ 12 ಟೂರ್ನಿಯಲ್ಲೂ ಗುಂಪು ಹಂತ ದಾಟಲಾಗಲಿಲ್ಲ.

ದೇಶದ ತಂಡ ಹೀಗೆ ಸೋಲುತ್ತಿದ್ದಾಗ ದೇಶದೊಳಗಿನ ಗ್ಯಾಲರಿಗಳು ಉಕ್ಕಿ ಹರಿದದ್ದು ಹೇಗೆ? ಕೊರಿಯನ್ನರ ಬೇಸ್‌ಬಾಲ್ ಪ್ರೀತಿಗೆ ಕಿಚ್ಚು ಹಚ್ಚಿದ್ದು ಅಂತರರಾಷ್ಟ್ರೀಯ ಟೂರ್ನಿಗಳೇ ಹೌದು. ಆದರೆ ಅದನ್ನು ಆರದಂತೆ ಕಾದದ್ದು ಊರುಗಳು ಎಂಬುದು ನನ್ನ ನಂಬಿಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂಬತ್ತು ಜನರ ತಂಡ, ಒಂಬತ್ತು ಇನಿಂಗ್ಸ್. ಪ್ರತಿ ಇನಿಂಗ್ಸ್‌ನಲ್ಲೂ ಎರಡೂ ತಂಡಗಳಿಗೆ ಬ್ಯಾಟಿಂಗ್ ಸರದಿ. ಮೂವರು ಔಟಾದರೆ ಆ ಸರದಿ ಮುಗಿಯಿತು. ಚೆಂಡು ಎಸೆಯುವವನು ಪಿಚರ್, ಬ್ಯಾಟರ್‌ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹಿಡಿಯುವವನು ಕ್ಯಾಚರ್. ಹೊಡೆದವನು ಮೂರು ಬೇಸ್‌ಗಳನ್ನು ಸುತ್ತಿ ಮರಳಿ ಹೋಮ್ ಪ್ಲೇಟ್ ಮುಟ್ಟಿದರೆ ಒಂದು ರನ್. ಕ್ರಿಕೆಟ್ ಬಲ್ಲವರಿಗೆ ಅರ್ಧ ಗಂಟೆಯಲ್ಲಿ ಉಳಿದದ್ದೂ ತಿಳಿಯುತ್ತದೆ.

ಈ ಆಟ ಕೊರಿಯಾಕ್ಕೆ ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಸಿಯೋಲ್‌ನ ವೈಎಂಸಿಎಯಲ್ಲಿದ್ದ ಅಮೆರಿಕದ ಫಿಲಿಪ್ ಜಿಲೆಟ್ ಅಲ್ಲಿನ ಯುವಕರಿಗೆ ಇದನ್ನು ಕಲಿಸಿದರು. 1910ರಲ್ಲಿ ದೇಶ ಜಪಾನ್‌ನ ವಸಾಹತಾಯಿತು. ಬೇಸ್‌ಬಾಲನ್ನು ಅತಿಯಾಗಿ ಪ್ರೀತಿಸುತ್ತಿದ್ದ ಆಳರಸರ ಎದುರು ಅದೇ ಆಟ ಆಡುವುದರಲ್ಲಿ ಒಂದು ಹಟವೂ ಸೇರಿಕೊಂಡಿತು. ಜಪಾನ್ ಎದುರಿನ ಪಂದ್ಯವೆಂದರೆ ಕೊರಿಯನ್ನರು ಇವತ್ತಿಗೂ ಉಸಿರು ಬಿಗಿಹಿಡಿದು ಕೂರುವುದಕ್ಕೆ ಆ 35 ವರ್ಷಗಳ ನೆನಪೇ ಕಾರಣ.

ಸ್ವಾತಂತ್ರ್ಯ, ಯುದ್ಧ, ಬಡತನ ಎಲ್ಲವೂ ಕಳೆದು 1970ರ ದಶಕಕ್ಕೆ ಬಂದರೆ, ಜನ ಮುಗಿಬಿದ್ದು ನೋಡುತ್ತಿದ್ದದ್ದು ಹೈಸ್ಕೂಲು ಹುಡುಗರ ಬೇಸ್‌ಬಾಲನ್ನು. ಕೂಲಿ ಅರಸಿ ರಾಜಧಾನಿಗೆ ಬಂದವರು ತಮ್ಮೂರಿನ ಶಾಲೆಯ ತಂಡ ಆಡುತ್ತದೆಂದರೆ ಡಾಂಗ್‌ಡೇಮುನ್ ಕ್ರೀಡಾಂಗಣಕ್ಕೆ ಓಡುತ್ತಿದ್ದರು. 1972ರ ಒಂದು ಫೈನಲ್‌ನಲ್ಲಿ ಗುನ್ಸಾನ್ ಎಂಬ ಬಂದರು ಪಟ್ಟಣದ ವಾಣಿಜ್ಯ ಶಾಲೆಯ ತಂಡ ಕೊನೆಯ ಇನಿಂಗ್ಸ್‌ವರೆಗೆ 1–4ರಿಂದ ಹಿಂದಿತ್ತು. ಅದೇ ಇನಿಂಗ್ಸ್‌ನಲ್ಲಿ ನಾಲ್ಕು ರನ್ ಗಳಿಸಿ ಬುಸಾನ್‌ನ ಹುಡುಗರನ್ನು 5–4ರಿಂದ ಸೋಲಿಸಿತು. ಸೋಲಿನ ದವಡೆಯಿಂದ ಪಂದ್ಯ ಕಿತ್ತುಕೊಳ್ಳುವ ತಂಡವೆಂಬ ಬಿರುದು ಆ ಶಾಲೆಗೆ ಖಾಯಂ ಆಗಿ ಅಂಟಿಕೊಂಡಿತು. ಊರನ್ನೂ ತಂಡವನ್ನೂ ಬಿಡಿಸಲಾಗದಂತೆ ಹೊಲಿದದ್ದು ಈ ಶಾಲಾ ಪಂದ್ಯಗಳು.

ಆ ಹೊಲಿಗೆಯ ಮೇಲೆಯೇ 1982ರಲ್ಲಿ ವೃತ್ತಿಪರ ಲೀಗ್ ಎದ್ದು ನಿಂತಿತು. ಅದರ ಹುಟ್ಟಿನ ಕಥೆ ಅಷ್ಟು ಚೆಂದದ್ದಲ್ಲ. ಜನರಲ್ ಚುನ್ ಡೂ–ಹ್ವಾನ್ ಸೇನಾ ಬಲದಿಂದ ಅಧಿಕಾರ ಹಿಡಿದಿದ್ದ ಕಾಲ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಪ್ರಜಾಪ್ರಭುತ್ವ ಕೇಳಿದ ನಾಗರಿಕರ ಮೇಲೆ ಸೈನ್ಯ ಗುಂಡು ಹಾರಿಸಿತ್ತು. ಜನರ ಗಮನ ಬೇರೆಡೆ ಹರಿಯಲಿ ಎಂಬ ಲೆಕ್ಕಾಚಾರದಲ್ಲಿ ಸರ್ಕಾರ ದೊಡ್ಡ ಕಂಪನಿಗಳಿಗೆ ಒಂದೊಂದು ಪ್ರಾಂತ್ಯ ಹಂಚಿ ತಂಡ ಕಟ್ಟಿಸಿತು. ಮಾರ್ಚ್ 27ರ ಮೊದಲ ಪಂದ್ಯದಲ್ಲಿ ಮೊದಲ ಚೆಂಡು ಎಸೆದವನೂ ಆ ಸರ್ವಾಧಿಕಾರಿಯೇ. ಅಂದು ಆರು ತಂಡಗಳು, ಇಂದು ಹತ್ತು. ಈಗಲೂ ತಂಡಗಳ ಹೆಸರಿನಲ್ಲಿ ಮೊದಲು ಕೇಳುವುದು ಕಂಪನಿ: ಸ್ಯಾಮ್‌ಸಂಗ್ ಲಯನ್ಸ್, ಎಲ್‌ಜಿ ಟ್ವಿನ್ಸ್, ಲೊಟ್ಟೆ ಜೈಂಟ್ಸ್, ಕಿಯಾ ಟೈಗರ್ಸ್. ನಮ್ಮ ಮನೆಗಳ ಟಿವಿ, ಫ್ರಿಜ್, ಕಾರುಗಳ ಮೇಲೆ ಕಾಣುವ ಹೆಸರುಗಳು ಅಲ್ಲಿ ಎದೆ ತಟ್ಟಿಕೊಂಡು ಕೂಗುವ ಹೆಸರುಗಳು.

ಮರೆಸಲೆಂದು ಕೊಟ್ಟ ಆಟವನ್ನು ಗ್ವಾಂಗ್ಜು ಜನ ನೆನಪಿಡಲು ಬಳಸಿದರು. ಅಲ್ಲಿನ ಹೇಟಾಯ್ ಟೈಗರ್ಸ್ ತಂಡದ ಹಿಂದಿದ್ದದ್ದು ಮಿಠಾಯಿ–ಬಿಸ್ಕತ್ತು ಮಾಡುವ, ಉಳಿದವರಷ್ಟು ಹಣವಿಲ್ಲದ ಕಂಪನಿ. ಆ ತಂಡ 1983ರಿಂದ 1997ರೊಳಗೆ ಒಂಬತ್ತು ಬಾರಿ ಚಾಂಪಿಯನ್ ಆಯಿತು. ಸಭೆ ಸೇರಲು, ಘೋಷಣೆ ಕೂಗಲು ಭಯವಿದ್ದ ದಿನಗಳಲ್ಲಿ ಸಾವಿರಾರು ಜನ ಒಟ್ಟಿಗೆ ನಿಂತು ಗಂಟಲು ಬಿಚ್ಚಬಹುದಾದ ಜಾಗವೆಂದರೆ ಬೇಸ್‌ಬಾಲ್ ಗ್ಯಾಲರಿ. ಅವರು ಹಾಡುತ್ತಿದ್ದದ್ದು ‘ಮೊಕ್ಪೊದ ಕಣ್ಣೀರು’ ಎಂಬ, ವಸಾಹತು ಕಾಲದ ವಿರಹಗೀತೆಯನ್ನು. ಗೆಲುವಿನ ಸಂಭ್ರಮದಲ್ಲಿ ವಿರಹಗೀತೆ ಹಾಡುವ ಜನರ ಎದೆಯಲ್ಲಿ ಏನಿತ್ತೆಂದು ಬೇರೆ ಹೇಳಬೇಕಿಲ್ಲ. 2001ರಲ್ಲಿ ಕಿಯಾ ಆ ತಂಡವನ್ನು ಕೊಂಡಿತು. 2024ರಲ್ಲಿ ಹನ್ನೆರಡನೇ ಪ್ರಶಸ್ತಿ ಬಂತು; ಆ ವರ್ಷದ ಶ್ರೇಷ್ಠ ಆಟಗಾರನೂ ಗ್ವಾಂಗ್ಜುವಿನಲ್ಲೇ ಹುಟ್ಟಿದ ಕಿಮ್ ಡೊ–ಯಂಗ್.

ಬುಸಾನ್‌ನದು ಇನ್ನೊಂದು ಬಗೆಯ ನಿಷ್ಠೆ. ಅಲ್ಲಿನ ಲೊಟ್ಟೆ ಜೈಂಟ್ಸ್ ಚಾಂಪಿಯನ್ ಆದದ್ದು ಎರಡೇ ಸಲ, 1984 ಮತ್ತು 1992ರಲ್ಲಿ. ಮೊದಲನೆಯದನ್ನು ಚೋಯ್ ಡಾಂಗ್–ವಾನ್ ಎಂಬ ಪಿಚರ್ ಹೆಚ್ಚುಕಡಿಮೆ ಒಬ್ಬನೇ ಗೆದ್ದುಕೊಟ್ಟ. ಏಳು ಪಂದ್ಯಗಳ ಆ ಫೈನಲ್ ಸರಣಿಯಲ್ಲಿ ಐದರಲ್ಲಿ ಚೆಂಡು ಎಸೆದು ತಂಡದ ನಾಲ್ಕೂ ಗೆಲುವುಗಳನ್ನು ತನ್ನ ಹೆಸರಿಗೆ ಬರೆದುಕೊಂಡ. 1987ರ ಮೇ 16ರಂದು ಹೇಟಾಯ್‌ನ ಸನ್ ಡಾಂಗ್–ಯೋಲ್ ಎದುರು ಆಡಿದ ಪಂದ್ಯ 15 ಇನಿಂಗ್ಸ್ ನಡೆದು 2–2ರಲ್ಲಿ ನಿಂತಿತು. ಚೋಯ್ ಎಸೆದ ಚೆಂಡುಗಳು 209, ಸನ್ ಎಸೆದವು 232. ಇಬ್ಬರೂ ಕೊನೆಯವರೆಗೆ ಮೈದಾನ ಬಿಡಲಿಲ್ಲ. ಇಂದಿನ ಪಿಚರ್‌ಗಳನ್ನು 100ರ ಆಸುಪಾಸಿನಲ್ಲಿ ಹೊರಗೆ ಕರೆಯುತ್ತಾರೆ. ಇದೇ ಚೋಯ್ 1988ರಲ್ಲಿ ಆಟಗಾರರ ಸಂಘ ಕಟ್ಟಲು ಹೊರಟಾಗ ಅವನನ್ನು ಬೇರೆ ತಂಡಕ್ಕೆ ಕಳಿಸಲಾಯಿತು. 2011ರಲ್ಲಿ ತೀರಿಕೊಂಡ ಅವನ ಪ್ರತಿಮೆ ಈಗ ಬುಸಾನ್‌ನ ಸಾಜಿಕ್ ಕ್ರೀಡಾಂಗಣದ ಮುಂದಿದೆ. ಒಳಗೆ ‘ಬುಸಾನ್ ಕಡಲಕ್ಕಿ’ ಹಾಡು ಮೊಳಗುತ್ತದೆ. ಗ್ಯಾಲರಿಗೆ ಬಂದ ಚೆಂಡನ್ನು ದೊಡ್ಡವರು ಯಾರಾದರೂ ಹಿಡಿದರೆ, ಮಗುವಿಗೆ ಕೊಡು ಎಂದು ಸುತ್ತಲಿನವರೆಲ್ಲ ಕೂಗಿ ಕೊಡಿಸುವುದು ಅಲ್ಲಿನ ಪದ್ಧತಿ.

ಇನ್ನು ಟೂರ್ನಿಗಳ ವಿಷಯ. ಲೀಗ್ ಹುಟ್ಟಿದ ವರ್ಷವೇ ವಿಶ್ವ ಅಮೆಚೂರ್ ಚಾಂಪಿಯನ್‌ಷಿಪ್ ಸಿಯೋಲ್‌ನಲ್ಲಿ ನಡೆಯಿತು. ಅದಕ್ಕೆಂದೇ ಜಮ್ಸಿಲ್ ಕ್ರೀಡಾಂಗಣ ಸಿದ್ಧವಾಗಿತ್ತು, ಕೆಲವು ದೊಡ್ಡ ಆಟಗಾರರನ್ನು ಲೀಗ್‌ಗೆ ಬಿಡದೆ ಉಳಿಸಿಕೊಳ್ಳಲಾಗಿತ್ತು. ಸೆಪ್ಟೆಂಬರ್ 14ರಂದು ಜಪಾನ್ ಎದುರು ಎಂಟನೇ ಇನಿಂಗ್ಸ್‌ಗೆ ಬಂದಾಗ ಕೊರಿಯಾ 0–2ರಿಂದ ಹಿಂದಿತ್ತು. ಒಂದು ರನ್ ಬಂದ ಮೇಲೆ ಕಿಮ್ ಜೇ–ಬಾಕ್, ಕೈಗೆ ಸಿಗದಂತೆ ದೂರ ಎಸೆದ ಚೆಂಡಿಗೆ ಕಪ್ಪೆಯಂತೆ ನೆಗೆದು ಬ್ಯಾಟ್ ತಾಗಿಸಿ ಸಮ ಮಾಡಿದ; ಹೀಗೆ ಬ್ಯಾಟ್ ಬೀಸದೆ ಮೆಲ್ಲಗೆ ತಾಗಿಸುವುದು ‘ಬಂಟ್’. ಹಿಂದೆಯೇ ಹಾನ್ ಡೇ–ಹ್ವಾ ಚೆಂಡನ್ನು ಬೇಲಿಯಾಚೆ ಕಳಿಸಿ ಮೂರು ರನ್‌ಗಳ ಹೋಮ್ ರನ್ ಹೊಡೆದ. 5–2. ‘ಕಪ್ಪೆ ಬಂಟ್’ ಎಂದರೆ ಕೊರಿಯಾದಲ್ಲಿ ಆ ತಲೆಮಾರಿನವರಿಗೆ ವಿವರಣೆ ಬೇಕಿಲ್ಲ.

ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಮೊದಲ ಆವೃತ್ತಿ 2006ರಲ್ಲಿ. ಕೊರಿಯಾ ಅಮೆರಿಕವನ್ನು 7–3ರಿಂದ, ಜಪಾನನ್ನು ಎರಡು ಬಾರಿ ಸೋಲಿಸಿತು. ಸತತ ಆರು ಗೆಲುವಿನ ಬಳಿಕ ಸೆಮಿಫೈನಲ್‌ನಲ್ಲಿ ಅದೇ ಜಪಾನ್‌ಗೆ ಸೋತು ಹೊರಬಿತ್ತು. ಮೂರು ವರ್ಷಗಳ ನಂತರ ಲಾಸ್ ಏಂಜಲೀಸ್‌ನ ಫೈನಲ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಸಮ ಮಾಡಿಕೊಂಡ ಕೊರಿಯಾವನ್ನು ಹತ್ತನೆಯದರಲ್ಲಿ ಇಚಿರೊ ಸುಜುಕಿಯ ಒಂದು ಹೊಡೆತ ಮುಗಿಸಿತು. ಆ ಒಂದೇ ಟೂರ್ನಿಯಲ್ಲಿ ಎರಡೂ ದೇಶಗಳು ಐದು ಸಲ ಮುಖಾಮುಖಿಯಾಗಿದ್ದವು.

ಇವೆರಡರ ನಡುವೆ ಬಂದದ್ದು ಬೀಜಿಂಗ್. 2008ರ ಒಲಿಂಪಿಕ್ಸ್‌ನಲ್ಲಿ ಕೊರಿಯಾ ಆಡಿದ ಒಂಬತ್ತಕ್ಕೆ ಒಂಬತ್ತೂ ಪಂದ್ಯ ಗೆದ್ದಿತು. ಟೂರ್ನಿಯುದ್ದಕ್ಕೂ ಬ್ಯಾಟ್ ಮಾತಾಡದೆ ಬೈಸಿಕೊಂಡಿದ್ದ ಲೀ ಸುಂಗ್–ಯಪ್ ಸೆಮಿಫೈನಲ್‌ನಲ್ಲಿ ಜಪಾನ್ ಎದುರು ಎಂಟನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಕಣ್ಣೀರಾದ. ಆಗಸ್ಟ್ 23ರ ಫೈನಲ್ ಕ್ಯೂಬಾ ಎದುರು. ಕೊನೆಯ ಇನಿಂಗ್ಸ್, ಕೊರಿಯಾ 3–2ರಿಂದ ಮುಂದೆ, ಒಬ್ಬ ಔಟ್, ಮೂರೂ ಬೇಸ್‌ಗಳಲ್ಲಿ ಕ್ಯೂಬನ್ನರು. ಅಂಪೈರ್ ತೀರ್ಪಿಗೆ ತಗಾದೆ ತೆಗೆದ ಕ್ಯಾಚರ್ ಕಾಂಗ್ ಮಿನ್–ಹೊನನ್ನು ಮೈದಾನದಿಂದ ಹೊರಗಟ್ಟಲಾಯಿತು. ಅವನು ಸಿಟ್ಟಿನಿಂದ ಗ್ಲೌಸ್ ಎಸೆದು ನಡೆದ. ಅಲ್ಲಿಯವರೆಗೆ ಪಂದ್ಯ ಹೊತ್ತಿದ್ದ 21ರ ಹರೆಯದ ರ್ಯೂ ಹ್ಯುನ್–ಜಿನ್ ಕೂಡ ಇಳಿದ. ಹೊಸ ಕ್ಯಾಚರ್ ಜಿನ್ ಗ್ಯಾಪ್–ಯೊಂಗ್‌ಗೆ ತೊಡೆಯ ನೋವು. ಚೆಂಡು ಹಿಡಿದು ಬಂದವನು ಸೊಂಟದ ಕೆಳಗಿನಿಂದ ಎಸೆಯುವ ಚಂಗ್ ಟೇ–ಹ್ಯೊನ್. ಎದುರಿಗೆ ಕ್ಯೂಬಾದ ಗುರಿಯೆಲ್. ಅವನು ಹೊಡೆದದ್ದು ನೆಲ ಹಿಡಿದು ಉರುಳಿತು. ಒಂದು ಎಸೆತಕ್ಕೆ ಒಬ್ಬ, ಇನ್ನೊಂದಕ್ಕೆ ಮತ್ತೊಬ್ಬ, ಡಬಲ್ ಪ್ಲೇ, ಚಿನ್ನ ಕೊರಿಯಾಕ್ಕೆ. ಅಲ್ಲಿ ಆಗಸ್ಟ್ 23 ಇಂದಿಗೂ ಬೇಸ್‌ಬಾಲ್ ದಿನ.

ಆ ವರ್ಷ ಲೀಗ್‌ನ ಪ್ರೇಕ್ಷಕರ ಸಂಖ್ಯೆ 13 ವರ್ಷಗಳ ಬಳಿಕ 50 ಲಕ್ಷ ದಾಟಿತು. ಆ ಪಂದ್ಯ ನೋಡಿ ಗ್ಲೌಸ್ ಕೊಡಿಸೆಂದು ಹಟ ಹಿಡಿದ ಮಕ್ಕಳನ್ನು ‘ಬೀಜಿಂಗ್ ಕಿಡ್ಸ್’ ಎನ್ನುತ್ತಾರೆ. ಇಂದು ಲೀಗ್‌ನ ಬೆನ್ನೆಲುಬು ಅವರೇ.

ಗೆಲುವಿಗೆ ಇನ್ನೊಂದು ಮುಖವೂ ಉಂಟು. ಕೊರಿಯಾದ ಪ್ರತಿ ಅರ್ಹ ಯುವಕನೂ ಕನಿಷ್ಠ ಒಂದೂವರೆ ವರ್ಷ ಸೇನೆಯಲ್ಲಿ ದುಡಿಯಬೇಕು. ಒಲಿಂಪಿಕ್ ಪದಕ ಅಥವಾ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರಿಗೆ ಇದರಿಂದ ವಿನಾಯಿತಿ. 2006ರ ಕ್ಲಾಸಿಕ್ ತಂಡಕ್ಕೂ ವಿಶೇಷವಾಗಿ ಇದನ್ನು ಕೊಟ್ಟರು, ಆಮೇಲೆ ಆ ದಾರಿ ಮುಚ್ಚಿದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಂಡ ಚಿನ್ನವನ್ನೇ ಗೆದ್ದರೂ, ಆಯ್ಕೆ ಮಾಡಿದ್ದು ಸೇನೆ ತಪ್ಪಿಸಲಿಕ್ಕೋ ಎಂದು ಜನ ಸಿಟ್ಟಾದರು. ಅಂದು ತಂಡದ ಮುಖ್ಯ ತರಬೇತುದಾರ, 232 ಚೆಂಡು ಎಸೆದ ಅದೇ ಸನ್ ಡಾಂಗ್–ಯೋಲ್. ಅವರನ್ನು ಸಂಸತ್ತಿನ ಸಮಿತಿ ಮುಂದೆ ಕರೆಸಿ ಪ್ರಶ್ನಿಸಲಾಯಿತು. ಕೆಲವೇ ವಾರಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ತಮ್ಮ ಮಕ್ಕಳನ್ನು ಸೇನೆಗೆ ಕಳಿಸಿದ ಕುಟುಂಬಗಳ ಆ ಸಿಟ್ಟು ನನಗೆ ಅನ್ಯಾಯವೆಂದು ಅನಿಸುವುದಿಲ್ಲ. ಆಟವನ್ನು ತಮ್ಮದೆಂದು ತಿಳಿದವರೇ ಹೀಗೆ ಲೆಕ್ಕ ಕೇಳುವುದು.

ಈಗ ಗ್ಯಾಲರಿಯ ಒಳಗೆ ಬರೋಣ. ಪ್ರತಿ ಆಟಗಾರನಿಗೂ ಅವನದೇ ಒಂದು ಹಾಡು. ಅವನು ಬ್ಯಾಟ್ ಹಿಡಿದು ಬಂದೊಡನೆ ವೇದಿಕೆಯ ಮೇಲಿನ ನಾಯಕ ಕೈಯೆತ್ತುತ್ತಾನೆ, ಸಾವಿರಾರು ಕಂಠ ಒಟ್ಟಿಗೆ ಹಾಡುತ್ತವೆ, ಕೈ–ಮೈ ಕುಣಿಯುತ್ತವೆ. ಎದುರಾಳಿಯ ಬ್ಯಾಟಿಂಗ್ ಸರದಿಯಲ್ಲಿ ಇವರು ಕೂತು ಕರಿದ ಕೋಳಿ, ಬಿಯರ್ ಸವಿಯುತ್ತಾರೆ; ಹಾಡುವ ಪಾಳಿ ಆಚೆ ಬದಿಯವರದು. ಹೋಮ್ ರನ್ ಹೊಡೆದವನು ಬ್ಯಾಟನ್ನು ಗಾಳಿಯಲ್ಲಿ ತಿರುಗಿಸಿ ಎಸೆದರೆ ಅಮೆರಿಕದಲ್ಲಿ ಅವಮಾನವೆಂದು ಜಗಳ ಹತ್ತುತ್ತಿತ್ತು, ಇಲ್ಲಿ ಚಪ್ಪಾಳೆ. ಡೇಜಾನ್‌ನ ಹಾನ್ವಾ ಈಗಲ್ಸ್ ತಂಡ 2020ರಲ್ಲಿ ಸತತ 18 ಪಂದ್ಯ ಸೋತಿತ್ತು. ಆದರೂ ಕದಲದ ಅದರ ಅಭಿಮಾನಿಗಳನ್ನು ದೇಶವೇ ‘ಬೋಧಿಸತ್ವರು’ ಎಂದು ಕರೆಯುತ್ತದೆ. ಅಂಥ ತಂಡ 2025ರಲ್ಲಿ ಫೈನಲ್ ಸರಣಿಗೆ ಬಂದಾಗ, ಎಲ್‌ಜಿಗೆ ಸೋತರೂ, ಆ ಜನರ ಸಡಗರ ನೋಡುವಂತಿತ್ತು.

ಎಲ್‌ಜಿಯದೂ ಒಂದು ಕಾಯುವಿಕೆಯ ಕಥೆಯೇ. ಮುಂದಿನ ಬಾರಿ ಚಾಂಪಿಯನ್ ಆದಾಗ ಫೈನಲ್‌ನ ಶ್ರೇಷ್ಠ ಆಟಗಾರನಿಗೆಂದು ಕಂಪನಿಯ ಅಧ್ಯಕ್ಷ ಕೂ ಬಾನ್–ಮೂ 1990ರ ದಶಕದಲ್ಲೇ ರೋಲೆಕ್ಸ್ ವಾಚೊಂದನ್ನು ಕೊಂಡಿಟ್ಟಿದ್ದರು. ಗೆದ್ದ ರಾತ್ರಿ ಕುಡಿಯಲೆಂದು ಮದ್ಯವನ್ನೂ ತೆಗೆದಿರಿಸಿದ್ದರು. 1994ರ ನಂತರ ಗೆಲುವು ಬಂದದ್ದು 2023ರಲ್ಲಿ. ಅಷ್ಟರಲ್ಲಿ ಅಧ್ಯಕ್ಷರು ತೀರಿ ಐದು ವರ್ಷವಾಗಿತ್ತು. ವಾಚು ಪಡೆದ ಓ ಜಿ–ಹ್ವಾನ್, ಅದು ಹಿರಿಯರ ನೆನಪಾಗಿ ಎಲ್ಲರ ಕಣ್ಣೆದುರಿಗಿರಲಿ ಎಂದು ಕಂಪನಿಗೇ ಹಿಂತಿರುಗಿಸಿದ.

ಇಂದು ಟಿಕೆಟ್ ಕೊಳ್ಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು, ಅದರಲ್ಲೂ ಇಪ್ಪತ್ತರ ಹರೆಯದವರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆಯಲ್ಲೇ ಬೇಸ್‌ಬಾಲ್ ಕೂಡ ಮರಳುತ್ತಿದೆ.

ಬೆಂಗಳೂರಿನ ಸ್ಯಾಮ್‌ಸಂಗ್, ಎಲ್‌ಜಿ ಸಾಫ್ಟ್‌ವೇರ್ ಕೇಂದ್ರಗಳಿಂದ ಕೆಲಸದ ಮೇಲೆ ಸುವಾನ್, ಸಿಯೋಲ್‌ಗೆ ಹೋಗುವ ಕನ್ನಡಿಗರಿಗೆ ಒಂದು ಸಂಜೆ ಬಿಡುವಾದರೆ ಈ ಆಟ ನೋಡಿ ಬನ್ನಿ ಎನ್ನುತ್ತೇನೆ. ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ ಸೋಮವಾರ ಬಿಟ್ಟು ವಾರವಿಡೀ ಪಂದ್ಯವಿರುತ್ತದೆ. ಕೆಲಸದ ದಿನಗಳಲ್ಲಿ ಸಂಜೆ ಆರೂವರೆಗೆ ಶುರು. ಹಾಡುವವರ ವೇದಿಕೆಯ ಹತ್ತಿರದ ಸೀಟು ಕೇಳಿ. ಜಮ್ಸಿಲ್‌ನ ಹಳೆಯ ಕ್ರೀಡಾಂಗಣವನ್ನು ಕೆಡವಿ ಡೋಮ್ ಕಟ್ಟುವ ಯೋಜನೆಯಿದೆ. ಕಪ್ಪೆ ಬಂಟ್ ಕಂಡ ಆ ನೆಲವನ್ನೇ ನೋಡಬೇಕೆನ್ನುವವರು ತಡಮಾಡಬಾರದು.