ಲಾರಿ ಏರಿದ ಬೈಕಿಗೆ ನಾಲ್ಕು ಹಗ್ಗದ ಕಾವಲು

ವರ್ಗಾವಣೆಯ ಆದೇಶ ಕೈಗೆ ಬಂತೆಂದರೆ ಮೊದಲ ಚಿಂತೆ ಮಕ್ಕಳ ಶಾಲೆಯದು. ಆಮೇಲೆ ಬಾಡಿಗೆ ಮನೆ, ಮುಂಗಡ, ಲಾರಿ. ಬೈಕಿನ ನೆನಪಾಗುವುದು ಮಂಚ, ಕಪಾಟು, ಪಾತ್ರೆ ಪಗಡವೆಲ್ಲ ಏರಿ, ಲಾರಿಯ ಹಿಂಬಾಗಿಲು ಹಾಕುವ ಹೊತ್ತಿಗೆ. ‘ಇನ್ನೂ ಜಾಗ ಐತಲ್ಲ, ಎತ್ತಿ ಇಡ್ರಿ’ ಎನ್ನುತ್ತಾರೆ ಹುಬ್ಬಳ್ಳಿಯ ಯಜಮಾನರು. ನಾಲ್ವರು ಹಮಾಲರು ಎತ್ತುತ್ತಾರೆ. ಸೈಡ್ ಸ್ಟ್ಯಾಂಡಿನ ಮೇಲೆ ನಿಂತ ಬೈಕು ಒಂದೇ ಹಗ್ಗ ಸುತ್ತಿಸಿಕೊಂಡು ಮಂಗಳೂರಿಗೆ ಹೊರಡುತ್ತದೆ. ತಲುಪುವಷ್ಟರಲ್ಲಿ ಕನ್ನಡಿ ಒಡೆದಿರುತ್ತದೆ, ಟ್ಯಾಂಕು ತಗ್ಗಾಗಿರುತ್ತದೆ, ಹಾಸಿಗೆಗೆಲ್ಲ ಪೆಟ್ರೋಲಿನ ವಾಸನೆ.

ಆಗ ಡ್ರೈವರನನ್ನು ಬೈಯುವುದು ಸುಲಭ. ಆದರೆ ತಪ್ಪು ನಡೆದಿರುವುದು ಲಾರಿ ಹೊರಡುವ ಮೊದಲೇ. ಬೈಕು ಕಪಾಟಿನಂಥ ಸಾಮಾನಲ್ಲ. ಎರಡೇ ಗಾಲಿ, ಮೈಯಲ್ಲಿ ಸ್ಪ್ರಿಂಗು, ಹೊಟ್ಟೆಯಲ್ಲಿ ಪೆಟ್ರೋಲು. 100 ಸಿಸಿಯ ಸಾಧಾರಣ ಬೈಕೇ ಸುಮಾರು 110 ಕೆ.ಜಿ. ತೂಗುತ್ತದೆ, ಈಗಿನ ಬುಲೆಟ್ 350 ಆದರೆ 190 ಕೆ.ಜಿ.ಗೂ ಹೆಚ್ಚು. ಆದ್ದರಿಂದ ಕೊನೆಗಲ್ಲ, ಎಲ್ಲಕ್ಕಿಂತ ಮೊದಲು ಏರಬೇಕಾದದ್ದು ಅದು. ಕ್ಯಾಬಿನ್ನಿನ ಹಿಂಗೋಡೆಗೆ ಮುಂಗಾಲಿ ಒತ್ತಿ ನಿಂತ ಬೈಕಿಗೆ ಕುಲುಕಾಟವೂ ಕಡಿಮೆ. ಲಾರಿ ಹೆಚ್ಚು ಎತ್ತಿಹಾಕುವುದು ಹಿಂಗಾಲಿಯ ಆಚೆಗಿನ ಭಾಗದಲ್ಲಿ.

ಹತ್ತಿಸುವ ಮೊದಲು

ಟ್ಯಾಂಕಿನಲ್ಲಿ ಹೊಸ ಊರಿನ ಪೆಟ್ರೋಲ್ ಬಂಕ್ ಮುಟ್ಟುವಷ್ಟು ಇಂಧನವಿದ್ದರೆ ಸಾಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮುಚ್ಚಿದ ಲಾರಿಯೊಳಗೆ ಸೋರಿದರೆ ನೆಲಮಟ್ಟದಲ್ಲೇ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಪೆಟ್ರೋಲ್ ನಲ್ಲಿಯಿದ್ದರೆ ಮುಚ್ಚಿ, ಬ್ಯಾಟರಿಯ ತಂತಿ ಬಿಚ್ಚಿ. ಗ್ಯಾಸ್ ಸಿಲಿಂಡರನ್ನು ಅದೇ ಲಾರಿಯಲ್ಲಿ ಹಾಕಲೇಬೇಡಿ. ಕನ್ನಡಿಗಳನ್ನು ಕಳಚಿಡಿ. ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ಹಲಗೆಯ ವಿಷಯದಲ್ಲಿ ಜಿಪುಣತನ ಬೇಡ. ಲಾರಿಯ ತಳ ನೆಲದಿಂದ ಮೂರು ಅಡಿ ಎತ್ತರವಿದ್ದು ಹಲಗೆ ಆರೇ ಅಡಿಯದಾದರೆ ಏರು ಕಡಿದಾಗುತ್ತದೆ. ಒಂಬತ್ತು ಹತ್ತು ಅಡಿಯದಾದರೆ ಹಗುರ. ಹತ್ತಿರ ದಿಣ್ಣೆಯಿದ್ದರೆ ಲಾರಿಯ ಹಿಂಭಾಗವನ್ನು ಅದಕ್ಕೆ ತಾಗಿಸಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಹಲಗೆಯನ್ನು ಲಾರಿಗೆ ಕಟ್ಟಲೇಬೇಕು. ಇಲ್ಲದಿದ್ದರೆ ಗಾಲಿ ಏರುವಾಗ ಅದು ಹಿಂದಕ್ಕೆ ಜಾರುತ್ತದೆ. ಎಂಜಿನ್ ಆರಿಸಿ, ಎರಡು ಪಕ್ಕಕ್ಕೆ ಇಬ್ಬರು, ಹಿಂದಿನಿಂದ ಒಬ್ಬರು ತಳ್ಳಬೇಕು.

ಕಟ್ಟುವ ಬಗೆ

ಸ್ಟ್ಯಾಂಡ್ ಮಡಚಿ, ಬೈಕನ್ನು ಎರಡೂ ಗಾಲಿಗಳ ಮೇಲೆ ಒಂದನೇ ಗೇರಿನಲ್ಲಿ ನಿಲ್ಲಿಸಬೇಕು. ಮುಂದೆ ಎರಡು, ಹಿಂದೆ ಎರಡು ಹಗ್ಗ, ನಾಲ್ಕು ದಿಕ್ಕಿಗೆ ಓರೆಯಾಗಿ ಕೆಳಕ್ಕೆ ಎಳೆಯಬೇಕು. ಮುಂದಿನವನ್ನು ಹ್ಯಾಂಡಲ್ ತುದಿಗೆ ಕಟ್ಟದೆ, ಅದರ ಕೆಳಗೆ ಫೋರ್ಕಿನ ಎರಡು ಕೊಳವೆಗಳನ್ನು ಹಿಡಿದಿರುವ ದಪ್ಪ ಲೋಹದ ಪಟ್ಟಿಗೆ ಕಟ್ಟಿ. ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗುವವರೆಗೆ ಬಿಗಿಯಿರಿ. ಸಡಿಲವಾದರೆ ಹೊಂಡ ಬಂದಾಗ ಸ್ಪ್ರಿಂಗು ತಗ್ಗಿ ಕೊಕ್ಕೆ ಕಳಚುತ್ತದೆ. ಅತಿಯಾದರೆ ಆಯಿಲ್ ಸೀಲ್ ಕೆಡಬಹುದು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುವಂಥದು. ಬಿಗಿ ಮಾಡುವ ರಾಚೆಟ್ ಪಟ್ಟಿ ಸಿಕ್ಕರೆ ಉತ್ತಮ. ಹಗ್ಗ ಉಜ್ಜುವಲ್ಲೆಲ್ಲ ಹಳೆ ಬಟ್ಟೆ ಸುತ್ತಿ.

ದಾರಿಯಲ್ಲಿ

ಹೊರಟ ಹದಿನೈದು ಇಪ್ಪತ್ತು ಕಿಲೋಮೀಟರಿನಲ್ಲಿ ಒಮ್ಮೆ ನಿಂತು ಹಗ್ಗ ನೋಡಬೇಕು. ಹೊಸ ಗಂಟು ಸಡಿಲವಾಗುವುದು ಆಗಲೇ. ಕೈ ಹೋಗುವಷ್ಟು ಸಂದಿಯನ್ನು ಸಾಮಾನು ತುಂಬುವಾಗಲೇ ಬಿಟ್ಟಿರಬೇಕು. ಹುಬ್ಬಳ್ಳಿಯಿಂದ ಅಂಕೋಲೆಯ ಕಡೆಗೆ ಇಳಿಯುವವರು ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಇನ್ನೊಮ್ಮೆ ನೋಡಲಿ. ಮುಂದಿರುವುದು ಅರಬೈಲು ಘಟ್ಟ. ಅಲ್ಲಿನ ತಿರುವುಗಳಲ್ಲಿ ಬೈಕಿನ ಭಾರವೆಲ್ಲ ಒಮ್ಮೆ ಎಡದ ಹಗ್ಗಕ್ಕೆ, ಒಮ್ಮೆ ಬಲದ ಹಗ್ಗಕ್ಕೆ. ‘ಹಿಡ್ಕೊಂಡು ಕೂತಿರು’ ಎಂದು ಹುಡುಗನೊಬ್ಬನನ್ನು ಹಿಂದೆ ಕೂರಿಸುವ ಪದ್ಧತಿಯಂತೂ ಬೇಡವೇ ಬೇಡ. ಬೈಕು ವಾಲಿದರೆ ಗೋಡೆಗೂ ಅದಕ್ಕೂ ನಡುವೆ ಸಿಕ್ಕುವವನು ಅವನೇ.

ಕಾಗದಪತ್ರ

ಸಮಗ್ರ ವಿಮೆ ಇದ್ದರೆ ರಸ್ತೆಯಲ್ಲಾಗಲಿ ರೈಲಿನಲ್ಲಾಗಲಿ ಸಾಗಿಸುವಾಗ ಬೈಕಿಗಾದ ಹಾನಿಗೂ ಸಾಮಾನ್ಯವಾಗಿ ರಕ್ಷಣೆಯಿರುತ್ತದೆ. ಮೂರನೆಯವರ ವಿಮೆ ಮಾತ್ರವಿದ್ದರೆ ಇಲ್ಲ. ವಿಳಾಸ ಬದಲಾದದ್ದನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ಕೊನೆಗೆ, ಇಳಿಸುವ ಹೊತ್ತು. ಎಲ್ಲರೂ ದಣಿದಿರುತ್ತಾರೆ, ಕತ್ತಲಾಗಿರುತ್ತದೆ. ಮೊದಲು ಏರಿದ್ದು ಕೊನೆಗೆ ಇಳಿಯುವುದರಿಂದ ಅವಸರವೂ ಸೇರಿಕೊಳ್ಳುತ್ತದೆ. ಬೆಳಕು ಮಾಡಿಕೊಂಡು, ಒಂದನೇ ಗೇರಿನಲ್ಲೇ ಇಟ್ಟು, ಹಿಂಗಾಲಿ ಮೊದಲಾಗಿ ಕ್ಲಚ್ಚನ್ನು ಹಿಡಿದು ಬಿಟ್ಟು ಮೆಲ್ಲಗೆ ಇಳಿಸಿ. ಹಾಗೆ ಬರುವಾಗ ಮುಂದಿನ ಬ್ರೇಕ್ ಒಂದನ್ನೇ ನಂಬಬೇಡಿ, ಗಾಲಿ ಜಾರಬಹುದು. ಬೈಕು ಕೈಮೀರಿ ವಾಲಿತೆಂದರೆ ಹಿಡಿಯಲು ಹೋಗದೆ ದೂರ ಸರಿಯಿರಿ. ಟ್ಯಾಂಕಿನ ತಗ್ಗು ತೆಗೆಯುವವರು ಹೊಸ ಊರಲ್ಲೂ ಸಿಗುತ್ತಾರೆ. ಕಾಲು ಮುರಿದುಕೊಂಡವರಿಗೆ ಆ ಊರಿನಲ್ಲಿ ಆಸ್ಪತ್ರೆಯ ದಾರಿಯೂ ಗೊತ್ತಿರುವುದಿಲ್ಲ.